ಇಟಲಿಯ ದೊಡ್ಡಮನೆ ಹೆಂಗಸರಿಗೆ ಎಷ್ಟು ಸ್ವಾತಂತ್ರ್ಯವಿತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಮೆಡಿಚಿ, ಬೋರ್ಜಿಯಾ ಮನೆತನಗಳ ಸೀರಿಯಲ್ ನೋಡಿದವರಲ್ಲಿ ಎರಡು ಪಕ್ಷ. ಒಂದು ಪಕ್ಷ "ಆ ಕಾಲಕ್ಕೇ ಅವರು ಎಷ್ಟು ಫ್ರೀ ಆಗಿದ್ದರು ಅಲ್ವಾ?" ಎನ್ನುತ್ತದೆ. ಇನ್ನೊಂದು ಪಕ್ಷ "ಪಾಪ, ಹೆಣ್ಣುಮಕ್ಕಳನ್ನು ಮಠಕ್ಕೆ ತಳ್ಳುತ್ತಿದ್ದರಂತೆ" ಎನ್ನುತ್ತದೆ. ಇಬ್ಬರ ಬಳಿಯೂ ಪುರಾವೆ ಇದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾಗಿ ಹೆಚ್ಚಾಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಾಲ ಸುಮಾರು 1450ರಿಂದ 1797ರವರೆಗೆ. ಆ ಕೊನೆಯ ವರ್ಷ ನೆಪೋಲಿಯನ್ ಕೈಯಲ್ಲಿ ವೆನಿಸ್ ಗಣರಾಜ್ಯ ಮುಗಿದುಹೋಯಿತು.

ಸುತ್ತಿಬಳಸದೆ ಹೇಳಿ: ಸ್ವಾತಂತ್ರ್ಯ ಇತ್ತೋ, ಇಲ್ಲವೋ?

ಯಾರಾದರೂ ಹೀಗೆ ಕೇಳಿದರೆ ನಾನು ಮೂರು ಪ್ರಶ್ನೆ ತಿರುಗಿ ಕೇಳುತ್ತೇನೆ. ಆಕೆಯದು ಯಾವ ಊರು? ಗಂಡ ಬದುಕಿದ್ದಾನಾ? ದುಡ್ಡು ಯಾರ ಕೈಯಲ್ಲಿದೆ?

ಊರು ಯಾಕೆ ಅಂದರೆ, ಆಗ ಇಟಲಿ ಎಂಬ ಒಂದು ದೇಶವೇ ಇರಲಿಲ್ಲ. ಮಾಂಟುವಾ, ಫೆರಾರಾ, ಉರ್ಬಿನೊಗಳಲ್ಲಿ ದೊರೆಗಳ ಆಸ್ಥಾನ. ವೆನಿಸ್, ಜಿನೋವಾಗಳಲ್ಲಿ ಶ್ರೀಮಂತ ಮನೆತನಗಳ ಗಣರಾಜ್ಯ. ರೋಮ್‌ನಲ್ಲಿ ಪೋಪ್. ನೇಪಲ್ಸ್‌ನಲ್ಲಿ ಬಹುಕಾಲ ಸ್ಪೇನಿನವರ ಆಡಳಿತ. ಫ್ಲಾರೆನ್ಸ್ ಮೊದಲು ಗಣರಾಜ್ಯ, 1532ರ ಮೇಲೆ ಮೆಡಿಚಿಗಳ ರಾಜ್ಯ. ಒಂದು ಊರಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಫ್ಲಾರೆನ್ಸ್‌ನಲ್ಲಿ ಹೆಂಗಸು ಕರಾರು ಮಾಡಬೇಕಾದರೆ ಪಕ್ಕದಲ್ಲಿ ಒಬ್ಬ ಗಂಡಸು ನಿಂತು ಒಪ್ಪಿಗೆ ಕೊಡಬೇಕು. ಅವನಿಗೆ 'ಮುಂಡುಆಲ್ದೊ' ಎಂಬ ಹೆಸರೂ ಇತ್ತು. ವೆನಿಸ್‌ನಲ್ಲಿ ಆ ಕಾಟ ಇರಲಿಲ್ಲ. ಅಲ್ಲಿನ ಹೆಂಗಸರು ತಾವೇ ಉಯಿಲು ಬರೆಸುತ್ತಿದ್ದರು. ಬರೆಸಿದವರ ಸಂಖ್ಯೆಯೂ ಕಡಿಮೆಯಲ್ಲ.

ಉಳಿದ ಎರಡು ಪ್ರಶ್ನೆ, ಗಂಡ ಮತ್ತು ದುಡ್ಡು, ಕೆಳಗೆ ಮತ್ತೆ ಮತ್ತೆ ಬರುತ್ತವೆ.

ಮದುವೆಯ ವಿಷಯದಲ್ಲಿ ಹುಡುಗಿಯ ಮಾತು ನಡೆಯುತ್ತಿತ್ತಾ?

ಕಾಗದದ ಮೇಲೆ ನಡೆಯುತ್ತಿತ್ತು. ಇಬ್ಬರೂ ಒಪ್ಪದೆ ಮದುವೆ ಇಲ್ಲ ಎಂಬುದು ಚರ್ಚಿನ ಹಳೆಯ ನಿಯಮ. 1563ರಲ್ಲಿ ಟ್ರೆಂಟ್ ಎಂಬಲ್ಲಿ ಸೇರಿದ್ದ ಚರ್ಚಿನ ಮಹಾಸಭೆ ಇನ್ನೊಂದು ಷರತ್ತು ಹಾಕಿತು: ಪಾದ್ರಿಯ ಎದುರು, ಸಾಕ್ಷಿಗಳ ಮುಂದೆ ಆದರೇ ಅದು ಮದುವೆ. ಅದಕ್ಕೂ ಮೊದಲು ಗುಟ್ಟಾಗಿ ಮಾತು ಕೊಟ್ಟುಕೊಂಡರೂ ಮದುವೆಯೇ ಆಗಿಬಿಡುತ್ತಿತ್ತು.

ಮನೆಯಲ್ಲಿ ನಡೆಯುತ್ತಿದ್ದುದು ಬೇರೆ. ಹದಿನೇಳು ಹದಿನೆಂಟಕ್ಕೆ ಹುಡುಗಿಯ ಮದುವೆ, ಗಂಡಿಗೆ ಮೂವತ್ತರ ಆಸುಪಾಸು. ಅಪ್ಪ, ಅಣ್ಣಂದಿರು ಕೂತು ಮಾತು ಮುಗಿಸುತ್ತಿದ್ದರು. ದೊರೆಗಳ ಮನೆಯಲ್ಲಂತೂ ಇನ್ನೂ ಬೇಗ. ಫೆರಾರಾದ ಇಸಬೆಲ್ಲಾ ದೆಸ್ತೆಯನ್ನು ಆರನೇ ವಯಸ್ಸಿಗೇ ಮಾಂಟುವಾದ ದೊರೆಮಗನಿಗೆ ಎಂದು ಗೊತ್ತು ಮಾಡಿದ್ದರು. 1490ರಲ್ಲಿ, ಹದಿನಾರು ತುಂಬುವ ಮೊದಲೇ, ಆಕೆ ಗಂಡನ ಮನೆಗೆ ಹೋದಳು.

ವಯಸ್ಸಿನ ಈ ಅಂತರವನ್ನು ನೆನಪಿಡಿ. ಗಂಡ ಅಷ್ಟು ದೊಡ್ಡವನಾದರೆ ಆಗುವುದೇನು? ಹೆಂಡತಿಗೆ ಮೂವತ್ತೈದು ನಲವತ್ತಾಗುವಾಗ ಅವನು ಹೋಗಿರುತ್ತಾನೆ. ಊರ ತುಂಬ ವಿಧವೆಯರು.

ವರದಕ್ಷಿಣೆ ಅಲ್ಲೂ ಇತ್ತಾ?

ಇತ್ತು, ಅದೂ ತಲೆ ಕೆಡುವಷ್ಟು. ಮಿತಿಮೀರಿ ಹೋಯಿತೆಂದು ವೆನಿಸ್‌ನ ಸೆನೆಟ್ 1420ರಲ್ಲಿ ಒಂದು ಕಟ್ಟು ಹಾಕಿತು: 1,600 ಡುಕಾಟ್‌ಗಿಂತ ಜಾಸ್ತಿ ಕೊಡಬಾರದು. ಡುಕಾಟ್ ಎಂದರೆ ಸುಮಾರು ಮೂರೂವರೆ ಗ್ರಾಂ ಚಿನ್ನದ ನಾಣ್ಯ, ಹೆಚ್ಚುಕಡಿಮೆ ನಮ್ಮ ವರಹದ ತೂಕ. ಲೆಕ್ಕ ಹಾಕಿದರೆ ಐದೂವರೆ ಕಿಲೋ ಚಿನ್ನ ದಾಟುತ್ತದೆ. ಇದು ಕಡಿಮೆ ಮಾಡಿದ ಮೇಲಿನ ಲೆಕ್ಕ! ಯಾರೂ ಕೇಳಲಿಲ್ಲ. 1505ರಲ್ಲಿ ಮಿತಿಯನ್ನೇ 3,000ಕ್ಕೆ ಏರಿಸಬೇಕಾಯಿತು. ಫ್ಲಾರೆನ್ಸ್‌ನ ಸರ್ಕಾರ 1425ರಲ್ಲಿ ಇದಕ್ಕೆಂದೇ ಒಂದು ನಿಧಿ ತೆರೆಯಿತು. ಮಗಳು ಚಿಕ್ಕವಳಿರುವಾಗ ದುಡ್ಡು ಇಟ್ಟರೆ ಮದುವೆ ಹೊತ್ತಿಗೆ ಬಡ್ಡಿ ಸೇರಿ ಕೈಗೆ ಬರುತ್ತಿತ್ತು. ನಮ್ಮ ಪೋಸ್ಟಾಫೀಸಿನ ಹೆಣ್ಣುಮಕ್ಕಳ ಯೋಜನೆ ನೆನಪಾಗುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸ. ಅಲ್ಲಿ ಆ ದುಡ್ಡು ಗಂಡನಿಗೆ ಕೊಟ್ಟ ಕಾಣಿಕೆಯಲ್ಲ. ಕಾನೂನಿನ ಪ್ರಕಾರ ಅದು ಹೆಂಡತಿಯದೇ. ಮದುವೆ ಇರುವಷ್ಟು ಕಾಲ ಗಂಡ ಅದನ್ನು ನಡೆಸುತ್ತಾನೆ, ಲಾಭ ಉಣ್ಣುತ್ತಾನೆ. ಅವನು ಸತ್ತರೆ ಅವನ ಮನೆಯವರು ಅದನ್ನು ಆಕೆಗೆ ವಾಪಸ್ ಎಣಿಸಬೇಕು. ಎಣಿಸದಿದ್ದರೆ ವೆನಿಸ್‌ನಲ್ಲಿ ಅದಕ್ಕೆಂದೇ ನ್ಯಾಯಾಲಯ ಇತ್ತು. 'ವರದಕ್ಷಿಣೆ' ಎನ್ನುವುದಕ್ಕಿಂತ 'ಸ್ತ್ರೀಧನ' ಎನ್ನುವುದೇ ಸರಿಯಾದೀತು.

ದುಡ್ಡಿದ್ದವಳಿಗೆ ಏನಾಗುತ್ತಿತ್ತು ಎನ್ನುವುದಕ್ಕೆ ಫ್ಲಾರೆನ್ಸ್‌ನ ಎಲಿಯೊನೋರಾ ಸಾಕು. ಸ್ಪೇನ್ ಮೂಲದ ಈಕೆ 1539ರಲ್ಲಿ ಕೋಸಿಮೊ ಮೆಡಿಚಿಯನ್ನು ಮದುವೆಯಾದಳು. ಹನ್ನೊಂದು ಮಕ್ಕಳನ್ನು ಹೆತ್ತಳು. ಜೊತೆಗೆ ಜಮೀನು, ದವಸದ ವ್ಯವಹಾರ ನಡೆಸಿದಳು. ಇಂದು ಪ್ರವಾಸಿಗರು ಸಾಲುಗಟ್ಟಿ ನೋಡುವ ಪಿಟ್ಟಿ ಅರಮನೆಯನ್ನು 1550ರ ಹೊತ್ತಿಗೆ ಕೊಂಡದ್ದು ಆಕೆ, ತನ್ನ ಹಣದಿಂದ.

ಎರಡನೇ, ಮೂರನೇ ಮಗಳ ಗತಿ ಏನು?

ಮಠ. "ಗಂಡ, ಇಲ್ಲದಿದ್ದರೆ ಗೋಡೆ" ಎಂಬ ಮಾತೇ ಅಲ್ಲಿ ರೂಢಿಯಲ್ಲಿತ್ತು. ನಮ್ಮಲ್ಲಿ ಕಾನ್ವೆಂಟ್ ಅಂದರೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಶಾಲೆ. ಅಲ್ಲಿ ಕಾನ್ವೆಂಟ್ ಅಂದರೆ ಒಳಗೆ ಹೋದವಳು ಹೊರಗೆ ಬರದ ಜಾಗ.

ಲೆಕ್ಕ ಸರಳ. ಮೂರು ಹೆಣ್ಣುಮಕ್ಕಳಿಗೂ ಮದುವೆ ಮಾಡಿದರೆ ಆಸ್ತಿ ಕರಗಿಹೋಗುತ್ತದೆ. ಮಠಕ್ಕೂ ದುಡ್ಡು ಕಟ್ಟಬೇಕಿತ್ತು, ಆದರೆ ಅದು ಮದುವೆಯ ಒಂದು ಪಾಲು ಅಷ್ಟೆ. ಒಬ್ಬಳ ಮದುವೆ, ಉಳಿದವರಿಗೆ ಮಠ. 1581ರ ವೆನಿಸ್‌ನಲ್ಲಿ ದೊಡ್ಡ ಮನೆತನಗಳ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಠಗಳಲ್ಲಿದ್ದರು ಎಂಬುದು ಇತಿಹಾಸಕಾರರ ಲೆಕ್ಕ. ಇನ್ನೊಮ್ಮೆ ಓದಿ. ಅರ್ಧಕ್ಕಿಂತ ಹೆಚ್ಚು. ಆ ಕಾಲದ ವೆನಿಸ್ ಅಂದರೆ ಚಿತ್ರ, ಸಂಗೀತ, ಹಬ್ಬ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಒಂದು ಸಂಗತಿ.

1563ರ ಆ ಮಹಾಸಭೆಯೇ ಸನ್ಯಾಸಿನಿಯರು ಗೋಡೆಯಾಚೆ ಕಾಲಿಡಬಾರದೆಂದು ಬಿಗಿ ಮಾಡಿತು. ಒತ್ತಾಯದಿಂದ ಯಾರನ್ನೂ ಸೇರಿಸಬಾರದೆಂದೂ ಅದೇ ಹೇಳಿತು. ಎರಡನೆಯದು ಪುಸ್ತಕದಲ್ಲಿ ಉಳಿಯಿತು.

ಒಳಗಿನಿಂದ ಕೂಗಿದವರೂ ಇದ್ದರು. ಆರ್ಕಾಂಜೆಲಾ ತರಬೊತ್ತಿ ವೆನಿಸ್‌ನವಳು. ದೊಡ್ಡಮನೆಯವಳಲ್ಲ, ನಡುಮಟ್ಟದ ಕುಟುಂಬದವಳು. ಮನಸ್ಸಿಲ್ಲದೆ ಸನ್ಯಾಸ ಹೊತ್ತು, ಅಪ್ಪಂದಿರ ದಬ್ಬಾಳಿಕೆಯ ಮೇಲೆ ಬೆಂಕಿಯಂಥ ಪುಸ್ತಕ ಬರೆದಳು. ಹೆಣ್ಣುಮಕ್ಕಳನ್ನು ಮಠಕ್ಕೆ ತಳ್ಳುವುದು ದೇವರ ಮೇಲಿನ ಭಕ್ತಿಯಿಂದಲ್ಲ, ರಾಜ್ಯದ ಮತ್ತು ಮನೆತನದ ಲಾಭಕ್ಕಾಗಿ ಎಂದು ನೇರವಾಗಿ ಹೇಳಿದಳು. 1652ರಲ್ಲಿ ಸತ್ತಳು. ಎರಡು ವರ್ಷದ ಮೇಲೆ ಪುಸ್ತಕ ಅಚ್ಚಾಯಿತು. ಆಮೇಲೆ ಚರ್ಚು ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು.

ಹಾಗೆಂದು ಮಠ ಬರೀ ಜೈಲೂ ಅಲ್ಲ. ದೊಡ್ಡಮನೆಯ ಸನ್ಯಾಸಿನಿಯರು ಓದಿದರು, ಹಾಡಿದರು, ಮಠದ ಆಸ್ತಿ ನಡೆಸಿದರು. ತಮ್ಮೊಳಗೇ ಚುನಾವಣೆ ನಡೆಸಿ ಯಜಮಾನಿಯನ್ನು ಆರಿಸಿದರು. ವೆನಿಸ್‌ನ ಸಾನ್ ಜಕ್ಕರಿಯಾ ಮಠದ ಮಾತುಕತೆ ಕೋಣೆಯ ಒಂದು ಚಿತ್ರವಿದೆ, ಹದಿನೆಂಟನೇ ಶತಮಾನದ್ದು. ಕಬ್ಬಿಣದ ಸರಳಿನ ಒಳಗೆ ಸನ್ಯಾಸಿನಿಯರು, ಹೊರಗೆ ಬಂದ ನೆಂಟರು, ಪಕ್ಕದಲ್ಲಿ ಮಕ್ಕಳಿಗೆ ಗೊಂಬೆಯಾಟ. ಜಾತ್ರೆಯ ಹಾಗಿದೆ. ಸರಳು ಮಾತ್ರ ಇದ್ದೇ ಇದೆ.

ಗಂಡ ಸತ್ತರೆ ಹೆಣ್ಣಿಗೆ ಸ್ವಾತಂತ್ರ್ಯ ಎನ್ನುತ್ತಾರೆ. ನಿಜವಾ?

ನಿಜ, ಆದರೆ ವಯಸ್ಸಿನ ಮೇಲೆ ಹೋಗುತ್ತದೆ. ಫ್ಲಾರೆನ್ಸ್‌ನಲ್ಲಿ ಚಿಕ್ಕ ವಯಸ್ಸಿನ ವಿಧವೆಗೆ ನೆಮ್ಮದಿ ಇರಲಿಲ್ಲ. ಗಂಡನ ಹೆಣ ಎತ್ತಿದ ಕೂಡಲೇ ಅಣ್ಣತಮ್ಮಂದಿರು ಕರೆದೊಯ್ಯಲು ಬರುತ್ತಿದ್ದರು. ಪ್ರೀತಿಯಿಂದಲ್ಲ. ಆಕೆಯ ಜೊತೆ ದುಡ್ಡೂ ತವರಿಗೆ ಬರುತ್ತದೆ, ಆ ದುಡ್ಡಿಟ್ಟು ಇನ್ನೊಂದು ಸಂಬಂಧ ಕುದುರಿಸಬಹುದು. ಮಕ್ಕಳು ಮಾತ್ರ ಗಂಡನ ಮನೆಯ ಸೊತ್ತು, ಅವರನ್ನು ಬಿಟ್ಟು ಹೋಗಬೇಕು. ಆಮೇಲೆ ಅದೇ ಮಕ್ಕಳು "ಅಮ್ಮ ಬಿಟ್ಟು ಹೋದಳು" ಎಂದು ಬರೆದಿಡುತ್ತಿದ್ದರು.

ನಲವತ್ತು ದಾಟಿದವಳ ಕತೆ ಬೇರೆ. ಮತ್ತೆ ಮದುವೆ ಮಾಡುವ ಒತ್ತಡ ಇಲ್ಲ, ಕೈಯಲ್ಲಿ ದುಡ್ಡಿದೆ. ನನ್ನ ಪ್ರಕಾರ ಆ ಸಮಾಜದಲ್ಲಿ ಒಬ್ಬ ಹೆಂಗಸಿಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಜಾಗ ಅದೇ. ಕವಿ ವಿತ್ತೋರಿಯಾ ಕೊಲೊನ್ನಾಳ ಗಂಡ 1525ರಲ್ಲಿ ತೀರಿಕೊಂಡ. ಆಕೆ ಮತ್ತೆ ಮದುವೆಯಾಗಲಿಲ್ಲ. ಮಠಗಳಲ್ಲಿ ಅತಿಥಿಯಾಗಿ ಉಳಿದಳು, ದೀಕ್ಷೆ ಮಾತ್ರ ತೆಗೆದುಕೊಳ್ಳಲಿಲ್ಲ. ಮೈಕೆಲೆಂಜಲೊ ಜೊತೆ ಗೆಳೆತನ ಬೆಳೆಸಿದಳು. ಅವರಿಬ್ಬರೂ ಒಬ್ಬರಿಗೊಬ್ಬರು ಕವಿತೆ ಕಳಿಸಿಕೊಳ್ಳುತ್ತಿದ್ದರು. 1538ರಲ್ಲಿ ಆಕೆಯ ಕವಿತೆಗಳು ಅಚ್ಚಾದವು. ಒಬ್ಬ ಹೆಂಗಸಿನ ಕವಿತೆಗಳೇ ಒಂದು ಪುಸ್ತಕವಾಗಿ ಇಟಲಿಯಲ್ಲಿ ಅಚ್ಚಾದದ್ದು ಅದೇ ಮೊದಲು.

ಚಿತ್ರಕಲಾವಿದೆ ಸೊಫೊನಿಸ್ಬಾ ಆಂಗ್ವಿಸ್ಸೋಲಾಳದ್ದು ಇನ್ನೂ ಸೊಗಸು. ಕ್ರೆಮೋನಾದ ಸಣ್ಣ ಶ್ರೀಮಂತ ಮನೆತನದವಳು, ಸ್ಪೇನಿನ ರಾಣಿಯ ಬಳಿ ಇದ್ದವಳು. ಗಂಡ ಸತ್ತ ಮೇಲೆ ಸಿಸಿಲಿಯಿಂದ ಹಡಗಿನಲ್ಲಿ ಹೊರಟಳು. ಆ ಹಡಗಿನ ಕಪ್ತಾನನನ್ನೇ ಮದುವೆಯಾದಳು! ಅವನು ವಯಸ್ಸಿನಲ್ಲಿ ಚಿಕ್ಕವನು. ತವರಿನವರು ಬೇಡವೆಂದರು. ಕೇಳಲಿಲ್ಲ. ತೊಂಬತ್ತು ದಾಟುವವರೆಗೂ ಬದುಕಿದಳು. 1624ರಲ್ಲಿ ಪಲೆರ್ಮೊದಲ್ಲಿ ವಾನ್ ಡೈಕ್ ಎಂಬ ಯುವ ಕಲಾವಿದ ಬಂದು ಆಕೆಯನ್ನು ಮಾತನಾಡಿಸಿದ. ಕಣ್ಣು ಮಂಜಾಗಿದ್ದರೂ ಚಿತ್ರ ಬರೆಯುವುದು ಹೇಗೆಂದು ಅವನಿಗೆ ಸಲಹೆ ಕೊಟ್ಟಳಂತೆ.

ರಾಜ್ಯ ಆಳಿದವರು ಇದ್ದರಾ?

ಇದ್ದರು, ಗಂಡಸಿನ ಜಾಗ ಖಾಲಿ ಬಿದ್ದಾಗ.

ಇಸಬೆಲ್ಲಾ ದೆಸ್ತೆಯ ಗಂಡ 1509ರಲ್ಲಿ ವೆನಿಸ್‌ನವರ ಸೆರೆ ಸಿಕ್ಕ. ಸುಮಾರು ಒಂದು ವರ್ಷ ಮಾಂಟುವಾವನ್ನು ಆಕೆಯೇ ನಡೆಸಿದಳು. ಪತ್ರ ಬರೆದಳು, ಸೈನ್ಯ ನೋಡಿಕೊಂಡಳು, ಎರಡೂ ಕಡೆಯವರ ಜೊತೆ ಚೌಕಾಸಿ ಮಾಡಿದಳು. ಬಿಡುಗಡೆಯಾಗಿ ಬಂದ ಗಂಡನಿಗೆ ಸಂತೋಷವಾಗಬೇಕಿತ್ತಲ್ಲವೇ? ನನ್ನ ಹೆಂಡತಿ ಯಾವಾಗಲೂ ತನ್ನ ತಲೆ ಹೇಳಿದಂತೆಯೇ ನಡೆಯುತ್ತಾಳೆ ಎಂದು ಗೊಣಗಿದ. ಆಕೆಯ ಸಾವಿರಾರು ಪತ್ರಗಳು ಇಂದಿಗೂ ಮಾಂಟುವಾದಲ್ಲಿವೆ. ಬಟ್ಟೆ, ಮೀನು, ಹಳೆಯ ಶಿಲ್ಪ, ರಾಜಕೀಯ ಎಲ್ಲವೂ ಒಟ್ಟಿಗೆ. ಲಿಯೊನಾರ್ಡೊನಿಂದ ಒಂದು ಬಣ್ಣದ ಚಿತ್ರ ಬರೆಸಬೇಕೆಂದು ವರ್ಷಗಟ್ಟಲೆ ಬೆನ್ನು ಬಿದ್ದಿದ್ದಳು. ಸಿಕ್ಕಿದ್ದು ರೇಖಾಚಿತ್ರ ಮಾತ್ರ.

ಫೊರ್ಲಿಯ ಕತೆರಿನಾ ಸ್ಫೋರ್ಜಾ ಇನ್ನೊಂದು ತರಹದವಳು. 1488ರಲ್ಲಿ ಗಂಡನನ್ನು ಕೊಂದ ಪಿತೂರಿಗಾರರು ಆಕೆಯನ್ನೂ ಮಕ್ಕಳನ್ನೂ ಹಿಡಿದರು. ಕೋಟೆಯವರನ್ನು ಶರಣಾಗಲು ಒಪ್ಪಿಸುತ್ತೇನೆ ಎಂದು ಹೇಳಿ ಕೋಟೆಯೊಳಗೆ ಹೋದಳು. ಹೋದವಳು ಬಾಗಿಲು ಹಾಕಿ ಫಿರಂಗಿಯನ್ನು ಅವರ ಕಡೆಗೇ ತಿರುಗಿಸಿದಳು. ಕೋಟೆ ಗೋಡೆ ಹತ್ತಿ ಲಂಗ ಎತ್ತಿ "ಮಕ್ಕಳನ್ನು ಕೊಂದರೆ ಕೊಲ್ಲಿ, ಇನ್ನಷ್ಟು ಹೆರುತ್ತೇನೆ" ಎಂದಳು ಎಂಬ ಕತೆ ಇದೆಯಲ್ಲ, ಅದು ರಾಜನೀತಿಯ ಲೇಖಕ ಮಕಿಯಾವೆಲ್ಲಿ ಬರೆದ ಮೇಲೆ ಜಾಸ್ತಿ ಹಬ್ಬಿದ್ದು. ಅಂದಹಾಗೆ, 1499ರಲ್ಲಿ ಫ್ಲಾರೆನ್ಸ್‌ನ ದೂತನಾಗಿ ಅದೇ ಮಕಿಯಾವೆಲ್ಲಿ ಆಕೆಯ ಬಳಿ ಮಾತುಕತೆಗೆ ಹೋಗಿದ್ದ, ಚೌಕಾಸಿಯಲ್ಲಿ ಸೋತು ಬಂದಿದ್ದ. ಮುಂದೆ ಪೋಪ್‌ನ ಮಗ ಚೆಸಾರೆ ಬೋರ್ಜಿಯಾ 1500ರ ಜನವರಿಯಲ್ಲಿ ಆಕೆಯ ಕೋಟೆ ಹಿಡಿದ.

ವೆನಿಸ್‌ನಲ್ಲಿ ಇದು ಸಾಧ್ಯವೇ ಇರಲಿಲ್ಲ. ಅಲ್ಲಿ ಅಧಿಕಾರ ಸಭೆಗಳದ್ದು, ಸಭೆಗಳಲ್ಲಿ ಗಂಡಸರು ಮಾತ್ರ. ಗಣರಾಜ್ಯ ಎಂದರೆ ಹೆಚ್ಚು ಸ್ವಾತಂತ್ರ್ಯ ಎಂದುಕೊಳ್ಳುತ್ತೇವೆ. ಅಧಿಕಾರದ ವಿಷಯದಲ್ಲಿ ಹೆಂಗಸರಿಗೆ ಅರಮನೆಯೇ ವಾಸಿಯಾಗಿತ್ತು.

ಲುಕ್ರೇಜಿಯಾ ಬೋರ್ಜಿಯಾ ನಿಜವಾಗಿಯೂ ವಿಷ ಹಾಕುತ್ತಿದ್ದಳಾ?

ಪುರಾವೆ ಇಲ್ಲ. ಮೂರು ಮದುವೆಗಳೂ ಅಪ್ಪ ಪೋಪ್ ಆಲೆಕ್ಸಾಂಡರ್‌ನ ರಾಜಕೀಯಕ್ಕೆ ಆದವು. 1501ರಲ್ಲಿ ಅವನು ಊರಲ್ಲಿಲ್ಲದಾಗ ವ್ಯಾಟಿಕನ್‌ನ ದಿನದ ವ್ಯವಹಾರ ನೋಡಿಕೊಂಡದ್ದು ಇದೇ ಮಗಳು. ಆಮೇಲೆ ಫೆರಾರಾದಲ್ಲಿ ಜೌಗು ಭೂಮಿ ಕೊಂಡು, ನೀರು ಬಸಿದು, ಸಾಗುವಳಿ ಮಾಡಿಸಿದಳು. ಸೀರಿಯಲ್‌ನವರಿಗೆ ಚರಂಡಿ ತೋಡುವ ಲುಕ್ರೇಜಿಯಾ ಬೇಡ, ಅಷ್ಟೆ.

ಹೊರಗೆ ಓಡಾಡಬಹುದಿತ್ತಾ?

ಮದುವೆಯಾಗದ ಹುಡುಗಿ ಚರ್ಚಿಗೆ ಬಿಟ್ಟು ಬೇರೆಡೆ ಕಾಣುವುದೇ ಅಪರೂಪ, ಅದೂ ಮುಸುಕು ಹಾಕಿಕೊಂಡು. ಮದುವೆಯಾದ ಮೇಲೆ ಬಾಗಿಲು ಸ್ವಲ್ಪ ತೆರೆಯುತ್ತಿತ್ತು. ಇದು ನಮ್ಮ ಹಳೆ ಮನೆಗಳ ಲೆಕ್ಕಕ್ಕೆ ತೀರಾ ಹೊಸದೇನಲ್ಲ. ರೋಮ್, ಫ್ಲಾರೆನ್ಸ್‌ಗಳಲ್ಲಿ ಸಾರೋಟು ಬಂದ ಮೇಲೆ ಸಂಜೆ ಸುತ್ತಾಟ ಶುರುವಾಯಿತು.

ವೆನಿಸ್‌ನಲ್ಲಿ ಸಾರೋಟಿಗೆ ರಸ್ತೆ ಎಲ್ಲಿ? ಅಲ್ಲಿ ಮಜಾ ಇರುವುದು ಚಪ್ಪಲಿಯಲ್ಲಿ. ದೊಡ್ಡಮನೆ ಹೆಂಗಸರು ಮರದ ಎತ್ತರದ ಅಟ್ಟೆಯ ಚಪ್ಪಲಿ ಹಾಕುತ್ತಿದ್ದರು. 1608ರಲ್ಲಿ ಹೋದ ಥಾಮಸ್ ಕೊರಿಯಟ್ ಎಂಬ ಇಂಗ್ಲಿಷ್ ಪ್ರವಾಸಿ ಕೆಲವು ಅರ್ಧ ಗಜ ಎತ್ತರ ಇದ್ದವು ಎಂದು ಬರೆದಿದ್ದಾನೆ. ಅಂದರೆ ನಮ್ಮ ಒಂದು ಮೊಳ! ಅದನ್ನು ಮೆಟ್ಟಿ ನಡೆಯಲು ಪಕ್ಕದಲ್ಲಿ ಆಳು ಬೇಕು. ಸೇತುವೆ ಇಳಿಯುವಾಗ ಒಬ್ಬಳು ಬಿದ್ದದ್ದನ್ನೂ ಅವನು ಕಂಡಿದ್ದ. ಎತ್ತರ ಹೆಚ್ಚಿದಷ್ಟೂ ಮನೆತನ ದೊಡ್ಡದು, ಬಟ್ಟೆ ಉದ್ದ ಜಾಸ್ತಿ, ನಡಿಗೆ ಕಮ್ಮಿ.

ಒಡವೆ, ಬಟ್ಟೆಯ ಮೇಲೂ ಕಾನೂನು ಇತ್ತಂತೆ?

ಹೌದು. ಎಷ್ಟು ಮುತ್ತು, ಎಂಥ ರೇಷ್ಮೆ, ಎಷ್ಟು ಉದ್ದದ ಸೆರಗು ಎಂದು ಊರೂರಲ್ಲಿ ನಿಯಮ. ವೆನಿಸ್ 1514ರಲ್ಲಿ ಇದಕ್ಕೆಂದೇ ಅಧಿಕಾರಿಗಳನ್ನು ನೇಮಿಸಿತು.

ಬೊಲೊನ್ಯಾದಲ್ಲಿ ಕಾರ್ಡಿನಲ್ ಬೆಸ್ಸಾರಿಯನ್ 1453ರಲ್ಲಿ ಇಂಥದ್ದೇ ಕಟ್ಟಳೆ ತಂದಾಗ, ನಿಕೊಲೋಸಾ ಸನೂತಿ ಎಂಬ ದೊಡ್ಡಮನೆ ಹೆಂಗಸು ಲ್ಯಾಟಿನ್‌ನಲ್ಲಿ ಉತ್ತರ ಬರೆಸಿ ಕಳಿಸಿದಳು. ಆಕೆಯ ವಾದ ಚೆನ್ನಾಗಿದೆ. ಹೆಂಗಸರಿಗೆ ಅಧಿಕಾರದ ಕುರ್ಚಿ ಇಲ್ಲ, ಪೌರೋಹಿತ್ಯ ಇಲ್ಲ, ಯುದ್ಧದ ಗೌರವ ಇಲ್ಲ. ನಮ್ಮ ಬೆಲೆ ತೋರಿಸಲು ಇರುವುದು ಉಡುಗೆ ತೊಡುಗೆ ಒಂದೇ. ಅದನ್ನೂ ಕಿತ್ತುಕೊಳ್ಳಬೇಡಿ. ಇದನ್ನು ಬರೀ ಒಡವೆಯ ಆಸೆ ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಮುಖವಾಡ ಹಾಕಿಕೊಂಡರೆ ಏನು ಬೇಕಾದರೂ ಮಾಡಬಹುದಿತ್ತಾ?

ಏನು ಬೇಕಾದರೂ ಅಲ್ಲ, ಆದರೆ ಬಹಳಷ್ಟು. ಹದಿನೆಂಟನೇ ಶತಮಾನದ ವೆನಿಸ್‌ನಲ್ಲಿ ಬಿಳಿ ಮುಖವಾಡ, ಕಪ್ಪು ಮೇಲಂಗಿ, ಮೂರು ಮೂಲೆಯ ಟೋಪಿ ಗಂಡಸರು ಹೆಂಗಸರು ಇಬ್ಬರಿಗೂ. ಇದಕ್ಕೆ ಬೌತಾ ಎನ್ನುತ್ತಾರೆ. ಅದನ್ನು ಹಾಕಿಕೊಂಡು ನಾಟಕಕ್ಕೆ, ಜೂಜಿನ ಮನೆಗೆ ಹೋಗಬಹುದು. ಸರ್ಕಾರವೇ 1638ರಲ್ಲಿ ತೆರೆದ ಜೂಜಿನ ಮನೆ 1774ರವರೆಗೂ ನಡೆಯಿತು.

ಹೆಂಗಸರಿಗೇ ಮೀಸಲಾದ ಇನ್ನೊಂದು ಮುಖವಾಡ ಇತ್ತು, ಮೊರೆತ್ತಾ. ಕಪ್ಪಗೆ, ದುಂಡಗೆ. ದಾರ ಇಲ್ಲ. ಒಳಗಡೆ ಒಂದು ಗುಂಡಿ, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಅಂದರೆ ಹಾಕಿಕೊಂಡವಳು ಮಾತಾಡುವ ಹಾಗಿಲ್ಲ! 1751ರ ಕಾರ್ನಿವಲ್‌ನಲ್ಲಿ ಪಿಯೆತ್ರೊ ಲೊಂಗಿ ಬರೆದ ಘೇಂಡಾಮೃಗದ ಚಿತ್ರದಲ್ಲಿ ಇದನ್ನು ಹಾಕಿದ ಹೆಂಗಸನ್ನು ಕಾಣಬಹುದು. ಆ ಘೇಂಡಾಮೃಗ ಹೋದದ್ದು ನಮ್ಮ ಭಾರತದಿಂದಲೇ, ಹೆಸರು ಕ್ಲಾರಾ.

'ಚಿಚಿಸ್ಬೇಯೊ' ಅಂದರೆ ಯಾರು? ಗಂಡ ಸುಮ್ನೆ ಇರುತ್ತಿದ್ದನಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ಹದಿನೆಂಟನೇ ಶತಮಾನದಲ್ಲಿ ಜಿನೋವಾ, ವೆನಿಸ್, ಮಿಲಾನ್, ಲುಕ್ಕಾ, ರೋಮ್‌ಗಳಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾದ ದೊಡ್ಡಮನೆ ಹೆಂಗಸು ನಾಟಕಕ್ಕೆ, ಚರ್ಚಿಗೆ, ಸುತ್ತಾಟಕ್ಕೆ, ಇಸ್ಪೀಟಿನ ಮೇಜಿಗೆ ಹೋಗುವಾಗ ಜೊತೆಗೆ ಗಂಡ ಬರುವುದಿಲ್ಲ. ಬೇರೊಬ್ಬ ಗಂಡಸು ಬರುತ್ತಾನೆ. ಅವನೂ ಅದೇ ಅಂತಸ್ತಿನವನು. ಬೆಳಿಗ್ಗೆ ಆಕೆ ಅಲಂಕಾರ ಮಾಡಿಕೊಳ್ಳುವಾಗ ಬಂದು ಕೂರುತ್ತಾನೆ, ಊರ ಸುದ್ದಿ ಹೇಳುತ್ತಾನೆ. ಬೀಸಣಿಗೆ ಹಿಡಿಯುತ್ತಾನೆ, ಸಾರೋಟಿಗೆ ಹತ್ತಿಸುತ್ತಾನೆ. ಅವನೇ ಚಿಚಿಸ್ಬೇಯೊ. ಪಿಸುಪಿಸು ಮಾತಿನ ಸದ್ದಿನಿಂದ ಹುಟ್ಟಿದ ಹೆಸರಿರಬೇಕೆಂದು ಹಲವರ ಊಹೆ. ಮರ್ಯಾದೆಯ ಹೆಸರು 'ಕವಲಿಯೆರ್ ಸೆರ್ವೆಂತೆ', ಸೇವೆಗೆ ನಿಂತ ಸರದಾರ. ಇದೆಲ್ಲ ಗುಟ್ಟಲ್ಲ. ಗಂಡನಿಗೆ ಗೊತ್ತು, ಅತ್ತೆಗೆ ಗೊತ್ತು, ಊರಿಗೇ ಗೊತ್ತು. ಆ ಹೊತ್ತಿಗೆ ಗಂಡ ಇನ್ನೊಬ್ಬಳ ಬೀಸಣಿಗೆ ಹಿಡಿದಿರುತ್ತಾನೆ.

1718ರಲ್ಲಿ ಜಿನೋವಾ ಮೂಲಕ ಹಾದುಹೋದ ಇಂಗ್ಲಿಷ್ ಲೇಖಕಿ ಲೇಡಿ ಮೇರಿ ಮೊಂಟಾಗು ಇದನ್ನು ಕಂಡು ಬೆರಗಾಗಿ ಊರಿಗೆ ಪತ್ರ ಬರೆದಳು. ಕವಿ ಪರಿನಿ 1763ರಿಂದ ಈ ಸರದಾರರನ್ನು ಲೇವಡಿ ಮಾಡಿ ದೊಡ್ಡ ಕಾವ್ಯವನ್ನೇ ಬರೆದ.

ಇದು ಯಾಕೆ ಬಂತು? ಇಲ್ಲಿ ಮತ್ತೆ ಆಸ್ತಿಯ ಲೆಕ್ಕಕ್ಕೆ ಬರಬೇಕು. ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಮದುವೆ ಎಂದೆನಲ್ಲ? ಗಂಡುಮಕ್ಕಳಿಗೂ ಹಾಗೆಯೇ. ಆಸ್ತಿ ಒಡೆಯಬಾರದೆಂದು ಒಬ್ಬ ಮಗನಿಗೆ ಮಾತ್ರ ಮದುವೆ, ಉಳಿದವರು ಬ್ರಹ್ಮಚಾರಿಗಳು. ಓದಿದ, ಬಿಡುವಿರುವ, ಮದುವೆಯಾಗದ ಗಂಡಸರ ದಂಡೇ ಊರಲ್ಲಿ. ಇನ್ನೊಂದು ಕಡೆ, ಹೊಸ ಕಾಲದ ಶೋಕಿಗೆ ಹೆಂಗಸರು ಸಭೆ, ಸಂಗೀತಕ್ಕೆ ಬರಬೇಕು, ಆದರೆ ಒಬ್ಬಳೇ ಬರಬಾರದು. ಎರಡೂ ಸೇರಿದರೆ ಚಿಚಿಸ್ಬೇಯೊ. ಆತ ಆಕೆಗೆ ಹೊರಗಿನ ಬಾಗಿಲು ತೆರೆಯುವವನೂ ಹೌದು, ಕಾವಲುಗಾರನೂ ಹೌದು.

ಸಂಬಂಧ ಹಾಸಿಗೆಯವರೆಗೂ ಹೋಗುತ್ತಿತ್ತಾ? ಕೆಲವರದು ಹೋಗುತ್ತಿತ್ತು, ಕೆಲವರದು ಬರೀ ಗೆಳೆತನ, ಇನ್ನು ಕೆಲವರದು ಬರೀ ಬೇಸರದ ಡ್ಯೂಟಿ. ಮಿಲಾನಿನ ಚಿಂತಕ ಪಿಯೆತ್ರೊ ವೆರ್ರಿ ತನ್ನ ಗೆಳೆಯ ಬೆಕ್ಕಾರಿಯಾನ ತಂಗಿ ಮದ್ದಲೇನಾ ಜೊತೆ ಇಂಥ ನಂಟು ಇಟ್ಟುಕೊಂಡಿದ್ದ. ಆಕೆ ಬೇರೊಬ್ಬನ ಹೆಂಡತಿ. ಪಿಯೆತ್ರೊನ ತಮ್ಮ ಅಲೆಸ್ಸಾಂದ್ರೊ ರೋಮ್‌ನಲ್ಲಿ ಮಾರ್ಗೆರೀತಾ ಬೊಕ್ಕಪದೂಲಿಯ ಜೊತೆ ದಶಕಗಟ್ಟಲೆ ಉಳಿದ. ಆಕೆ ಚಿಟ್ಟೆ, ಕಲ್ಲು ಸಂಗ್ರಹಿಸುತ್ತಿದ್ದ, ಓದಿಕೊಂಡ ಹೆಂಗಸು.

ಈ ಸಾಲಿನಲ್ಲಿ ಜಗತ್ತಿಗೆಲ್ಲ ಗೊತ್ತಿರುವವನು ಇಂಗ್ಲಿಷ್ ಕವಿ ಬೈರನ್. 1819ರಲ್ಲಿ ತೆರೇಸಾ ಗ್ವಿಚ್ಚೋಲಿಯ ಹಿಂದೆ ರವೆನ್ನಾಕ್ಕೆ ಹೋಗಿ ಆಕೆಯ ಗಂಡನ ಅರಮನೆಯಲ್ಲೇ ಬಾಡಿಗೆಗೆ ಇದ್ದ. ಶಾಲು ಮಡಿಸುವುದನ್ನು ಕಲಿಯುತ್ತಿದ್ದೇನೆ ಎಂದು ಗೆಳೆಯನಿಗೆ ಬರೆದ. ಅಷ್ಟರಲ್ಲಿ ಪದ್ಧತಿಯೇ ಮುಗಿಯುತ್ತಾ ಬಂದಿತ್ತು. ಇತಿಹಾಸಕಾರ ಸಿಸ್ಮೊಂದಿಯಂಥವರು ಇಟಲಿ ಹಾಳಾದದ್ದಕ್ಕೆ ಇದೇ ಕಾರಣ ಎಂದು ಬರೆದರು. ದೇಶ ಕಟ್ಟಲು ಹೊರಟವರಿಗೆ ತಾಯಿಯಾಗಿ ಮನೆಯಲ್ಲಿರುವ ಹೆಣ್ಣು ಬೇಕಾಗಿದ್ದಳು.

ಮಿತಿ ದಾಟಿದರೆ ಏನಾಗುತ್ತಿತ್ತು?

ಹದಿನಾರನೇ ಶತಮಾನದಲ್ಲಿ ಜೀವ ಹೋಗಬಹುದಿತ್ತು. 1590ರಲ್ಲಿ ನೇಪಲ್ಸ್‌ನಲ್ಲಿ ಸಂಗೀತಗಾರ ದೊರೆ ಕಾರ್ಲೊ ಜೆಸುಆಲ್ದೊ ತನ್ನ ಹೆಂಡತಿ ಮರಿಯಾ ದಾವಲೋಸ್‌ಳನ್ನೂ ಆಕೆಯ ಪ್ರಿಯಕರನನ್ನೂ ಕೊಂದ, ಕೊಲ್ಲಿಸಿದ. ಶಿಕ್ಷೆ ಆಗಲಿಲ್ಲ. ಅವನ ಹಾಡುಗಳನ್ನು ಇಂದಿಗೂ ಹಾಡುತ್ತಾರೆ. ದಕ್ಷಿಣದ ಒಂಟಿ ಕೋಟೆಯಲ್ಲಿದ್ದ ಕವಿ ಇಸಬೆಲ್ಲಾ ಮೊರ್ರಾಳನ್ನು ಸುಮಾರು 1545ರಲ್ಲಿ ಸ್ವಂತ ತಮ್ಮಂದಿರೇ ಕೊಂದರು. ಕಾರಣ, ಮದುವೆಯಾದ ಒಬ್ಬ ಸ್ಪೇನ್ ಸರದಾರನ ಜೊತೆ ಪತ್ರ ವ್ಯವಹಾರ.

1576ರ ಜುಲೈನಲ್ಲಿ ಮೆಡಿಚಿ ಮನೆತನದಲ್ಲಿ ಒಂದೇ ವಾರದಲ್ಲಿ ಇಬ್ಬರು ಹೆಂಗಸರು ಸತ್ತರು. ಲಿಯೊನೋರಾಳನ್ನು ಗಂಡ ಪಿಯೆತ್ರೊ ಕೊಂದ. ಕೆಲವೇ ದಿನದಲ್ಲಿ ಇಸಬೆಲ್ಲಾ ಮೆಡಿಚಿ ಚೆರ್ರೆತೊ ಗ್ವೀದಿಯ ಬಂಗಲೆಯಲ್ಲಿ ತೀರಿಕೊಂಡಳು. ಗಂಡ ಕತ್ತು ಹಿಸುಕಿದ ಎಂದು ಬಹಳ ಜನ, ಕಾಯಿಲೆಯಿಂದ ಎಂದು ಕೆಲವರು. ನಾನು ಗಮನಿಸುವುದು ತಾರೀಕನ್ನು. ಅಪ್ಪ ಕೋಸಿಮೊ ಇರುವಷ್ಟು ದಿನ ಆಕೆ ಗಂಡನ ಊರಿಗೆ ಹೋಗದೆ ಫ್ಲಾರೆನ್ಸ್‌ನಲ್ಲೇ ತನ್ನ ಆಸ್ಥಾನ ಕಟ್ಟಿಕೊಂಡು ಹಾಡು, ಬೇಟೆ, ಗೆಳೆಯರ ಜೊತೆ ಬದುಕಿದ್ದಳು. ಅಪ್ಪ ಸತ್ತದ್ದು 1574ರಲ್ಲಿ. ಅಣ್ಣ ಪಟ್ಟಕ್ಕೆ ಬಂದ. ಎರಡೇ ವರ್ಷ.

ಡೈವೋರ್ಸ್?

ಇಲ್ಲ. ಮದುವೆ ಆಗಿಯೇ ಇರಲಿಲ್ಲ ಎಂದು ಚರ್ಚಿನಿಂದ ಹೇಳಿಸಬೇಕು, ಅಥವಾ ಬೇರೆ ಬೇರೆ ವಾಸಕ್ಕೆ ಅಪ್ಪಣೆ ಪಡೆಯಬೇಕು. ವೆನಿಸ್‌ನ ಕತೆರಿನಾ ದೊಲ್ಫಿನ್ 1772ರಲ್ಲಿ ಮೊದಲ ಮದುವೆ ರದ್ದು ಮಾಡಿಸಿ, ಬಹುಕಾಲದ ಗೆಳೆಯ ಆಂದ್ರೆಯಾ ತ್ರೋನ್‌ನನ್ನು ಮದುವೆಯಾದಳು. ಅವನು ಗಣರಾಜ್ಯದ ಅತಿ ಪ್ರಬಲ ಗಂಡಸರಲ್ಲಿ ಒಬ್ಬ. ಪ್ರಭಾವ ಬೇಕಿತ್ತು ಎನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಇಲ್ಲದಿದ್ದರೆ ಓಡಿಹೋಗಬೇಕು. ಮರಿಯಾ ಮಂಚೀನಿ ರೋಮ್‌ನ ಕೊಲೊನ್ನಾ ಮನೆತನದ ಸೊಸೆ. 1672ರಲ್ಲಿ ಅಕ್ಕತಂಗಿ ಇಬ್ಬರೂ ಗಂಡುಡುಗೆ ತೊಟ್ಟು ದೋಣಿ ಹತ್ತಿ ಫ್ರಾನ್ಸ್ ಸೇರಿದರು. ಆಮೇಲೆ ಮರಿಯಾ ತನ್ನ ಕತೆಯನ್ನು ತಾನೇ ಬರೆದು ಅಚ್ಚು ಹಾಕಿಸಿದಳು.

ಓದಲು ಬಿಡುತ್ತಿದ್ದರಾ?

ಮನೆಯಲ್ಲಿ, ಅಪ್ಪನಿಗೆ ಮನಸ್ಸಿದ್ದರೆ. ವೆರೋನಾದ ಇಸೊತ್ತಾ ನೊಗರೋಲಾ ಲ್ಯಾಟಿನ್‌ನಲ್ಲಿ ಹೆಸರು ಮಾಡಿದಾಗ ಅನಾಮಧೇಯನೊಬ್ಬ ಆಕೆಯ ನಡತೆಯ ಮೇಲೆ ಹೊಲಸು ಬರೆದ. ಈ ಚಾಳಿ ಇಂದಿನದಲ್ಲ ಎಂದು ಹೇಳಲು ಈ ಮಾತು ತೆಗೆದೆ.

ವೆನಿಸ್‌ನ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಏಳು ಭಾಷೆ ಬಲ್ಲವಳು. ಪಾದುವಾ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರದ ಪದವಿ ಕೇಳಿದಾಗ ಬಿಷಪ್ ಬರ್ಬಾರಿಗೊ ಹೆಂಗಸಿಗೆ ಅದು ಕೂಡದೆಂದ. ತತ್ವಶಾಸ್ತ್ರಕ್ಕೆ ಒಪ್ಪಿದ. 1678ರ ಜೂನ್ 25ರಂದು ಪರೀಕ್ಷೆ. ಜನ ಎಷ್ಟು ಸೇರಿದರೆಂದರೆ ಸಭಾಂಗಣ ಬಿಟ್ಟು ದೊಡ್ಡ ಚರ್ಚಿನಲ್ಲಿ ನಡೆಸಬೇಕಾಯಿತು. ಹೀಗೆ ಡಾಕ್ಟರೇಟ್ ಪಡೆದ ಮೊದಲ ಹೆಂಗಸು ಆಕೆ. ಆದರೆ ಮುಂದೇನಾಯಿತು ಗೊತ್ತಾ? ಇನ್ನೊಬ್ಬ ಹುಡುಗಿ ಕೇಳಿದಾಗ ಪಾದುವಾ ಬಾಗಿಲು ಮುಚ್ಚಿತು. ಇಟಲಿಯಲ್ಲಿ ಮುಂದಿನ ಪದವಿ 1732ರಲ್ಲಿ, ಬೊಲೊನ್ಯಾದ ಲೌರಾ ಬಸ್ಸಿಗೆ.

ಇದಕ್ಕೂ ಕರ್ನಾಟಕಕ್ಕೂ ಏನಾದರೂ ನಂಟಿದೆಯಾ?

ಒಂದು ಭೇಟಿ ಇದೆ, ನನಗೆ ಬಹಳ ಇಷ್ಟವಾದದ್ದು. ಪಿಯೆತ್ರೊ ದೆಲ್ಲಾ ವಲ್ಲೆ ರೋಮ್‌ನ ದೊಡ್ಡಮನೆಯ ಗಂಡಸು. ಮೇಲೆ ಹೇಳಿದ ಲೋಕದಲ್ಲೇ ಬೆಳೆದವನು. 1623ರಲ್ಲಿ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ, ಕರಾವಳಿಗೆ ಇಳಿದ. ಅಲ್ಲಿ ಉಳ್ಳಾಲದ ರಾಣಿಯನ್ನು ನೋಡಲು ಹೋದ. ರಾಣಿ ಎದುರಾದದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ದಪ್ಪ ಬಿಳಿ ಹತ್ತಿ ಬಟ್ಟೆ, ಬರಿಗಾಲು, ಸುತ್ತ ಒಂದಿಷ್ಟು ಕಾಲಾಳುಗಳು. ಹೊಲಕ್ಕೆ ನೀರು ಹಾಯಿಸುವ ಕಾಲುವೆ ಕೆಲಸ ನೋಡಲು ನಡೆದೇ ಹೊರಟಿದ್ದಳು. ನೋಡಿದರೆ ಅಡುಗೆಯವಳೋ ಅಗಸಗಿತ್ತಿಯೋ ಅನ್ನಿಸಿತು ಎಂದು ಅವನು ಬರೆದಿದ್ದಾನೆ. ಮಾತು ಕೇಳಿದ ಮೇಲೆ ಮಾತ್ರ, ಇವಳು ಜಾಣೆ, ವಿವೇಕಿ ಎಂದು ಒಪ್ಪಿದ. ಮೊಳದೆತ್ತರದ ಚಪ್ಪಲಿ ಕಂಡ ದೇಶದವನಿಗೆ ಬರಿಗಾಲಿನ ರಾಣಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಕಾಲದ ಗುರುತು ಇಂದು ನೋಡಲು ಏನಿದೆ?

ವೆನಿಸ್‌ಗೆ ಹೋದರೆ ಕೊರ್ರೆರ್ ಮ್ಯೂಸಿಯಂನಲ್ಲಿ ಆ ಎತ್ತರದ ಚಪ್ಪಲಿಗಳಿವೆ. ಮಠದ ಮಾತುಕತೆ ಕೋಣೆಯ ಚಿತ್ರ, ಘೇಂಡಾಮೃಗದ ಚಿತ್ರ ಎರಡೂ ಕಾ ರೆಜ್ಜೋನಿಕೊ ಮ್ಯೂಸಿಯಂನಲ್ಲಿ. ಪಾದುವಾ ವಿಶ್ವವಿದ್ಯಾಲಯದ ಹಳೆ ಕಟ್ಟಡದ ಮೆಟ್ಟಿಲ ಬುಡದಲ್ಲಿ ಎಲೆನಾ ಕೊರ್ನಾರೊಳ ಪ್ರತಿಮೆ ಇದೆ.

ಆದರೆ ನಾನು ಹೋಗಿ ಅಂತ ಹೇಳುವುದು ವೆನಿಸ್‌ನ ಒಂದು ಸಣ್ಣ ಮಹಡಿಗೆ. ಎಲೆನಾ ವೆನಿಯೆರ್ ಎಂಬ ದೊಡ್ಡಮನೆ ಹೆಂಗಸಿನ ಕಸೀನೊ ಅದು. ಅರಮನೆಯ ಗದ್ದಲದಿಂದ ದೂರ, ಗೆಳೆಯರನ್ನು ಸೇರಿಸಿ ಹರಟಲು, ಇಸ್ಪೀಟು ಆಡಲು ಇಟ್ಟುಕೊಂಡ ಕೆಲವೇ ಕೋಣೆಗಳು. ನೆಲದಲ್ಲಿ ಒಂದು ಕಡೆ ಕಲ್ಲಿನ ಚೂರು ಎತ್ತಿದರೆ ಸಣ್ಣ ಕಿಂಡಿ. ಕೆಳಗೆ ಬಾಗಿಲು ತಟ್ಟುತ್ತಿರುವುದು ಯಾರೆಂದು ಅದರಲ್ಲಿ ಇಣುಕಿ ನೋಡಿ, ಬೇಕಾದವರಿಗೆ ಮಾತ್ರ ತೆರೆಯಬಹುದಿತ್ತು.